ಮೂಕಪ್ಪ ನೀರು ಕುಡಿಯುವ ಜಾಗ

"ಹೊಂದಲಿಲ್ಲಪ್ಪಾ," ಎಂದಳು ಅನ್ನಪೂರ್ಣ, ಮೊಬೈಲಿನಿಂದ ಕಣ್ಣು ತೆಗೆಯದೆ. "ಕುಬೇರಪ್ಪ ಕಾಕಾನ ಗಂಡುಸಂತಾನದ ಎಳಿ ಬ್ಯಾರೆ, ನಿಂದು ಬ್ಯಾರೆ."

ಮೈಲಾರಲಿಂಗಪ್ಪ ಕನ್ನಡಕ ಒರೆಸಿ ಹಾಕಿಕೊಂಡ. ಡಿಎನ್‌ಎ ವರದಿ ಇಂಗ್ಲಿಷಿನಲ್ಲಿತ್ತು, ಕನ್ನಡಕದಿಂದ ಉಪಯೋಗವಾಗಲಿಲ್ಲ.

"ಉಗುಳು ಅದಲಿಬದಲಿ ಆಗಿರಬೇಕು."

"ಎರಡ ಸಲ ನೋಡ್ಯಾರಪ್ಪಾ."

ಅಡರಕಟ್ಟಿಯಲ್ಲಿ ಈ ಮನೆಯವರ ಅಡ್ಡಹೆಸರು ಸೊರಟೂರ. ಸೊರಟೂರಿನಲ್ಲಿ ಮಾತ್ರ ಆ ಹೆಸರಿನವರಿಲ್ಲ. ಊರು ಬಿಟ್ಟವರಿಗಷ್ಟೇ ಊರು ಅಂಟಿಕೊಳ್ಳುತ್ತದೆ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ಊರ ಮಂದಿಯನ್ನೆಲ್ಲ ಅವರವರ ಊರಿಗೆ ಮುಟ್ಟಿಸಿದ್ದ ಮೈಲಾರಲಿಂಗಪ್ಪನಿಗೆ, ನಿವೃತ್ತನಾದ ಮೇಲೆ ತಾನೂ ಮುಟ್ಟಬೇಕೆನ್ನಿಸಿತ್ತು. ಮಗನ ಕಡೆಯ ಐದು ತಿಂಗಳ ಮೊಮ್ಮಗನನ್ನು ವಂಶದ ಪುಸ್ತಕಕ್ಕೆ ಸೇರಿಸುವ ಮೊದಲು ಮೂಲ ಗಟ್ಟಿಯಾಗಲೆಂದು ಸೊರಟೂರಿನ ಹಿರೇಮನೆಯ ಕುಬೇರಪ್ಪನನ್ನು ಹುಡುಕಿ ಹೋಗಿದ್ದ. "ಅಣತಮ್ಮರು ಅಂತ ಎಲ್ಲಾರೂ ಬರ್ತಾರ," ಎಂದು ಅವನು ನಕ್ಕದ್ದಕ್ಕೆ ರೋಷಗೊಂಡು, ಗದಗಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗಳು ಅನ್ನಪೂರ್ಣಳಿಂದ ಪರೀಕ್ಷೆಯ ಎರಡು ನಳಿಕೆ ತರಿಸಿದ್ದ; ಇಬ್ಬರೂ ಅವುಗಳಲ್ಲಿ ಉಗುಳಿ ಕಳಿಸಿದ್ದರು.

ಹೊರಗೆ ಮೊಪೆಡ್ ನಿಂತಿತು. ವಂಶಾವಳಿ ಓದುವ ಹೆಳವ, ಹೆಸರು ಮೂಕಪ್ಪ. ಅವನಪ್ಪ ಎತ್ತಿನ ಮೇಲೆ ಬರುತ್ತಿದ್ದ. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬಂದು, ಹೆಸರು ಓದಿ, ಹುಟ್ಟಿದವರನ್ನು ಬರೆದುಕೊಂಡು, ಜೋಳ ಹಾಕಿಸಿಕೊಂಡು ಹೋಗುವುದು ರೂಢಿ.

"ಬಾರಪಾ, ಕುಂಡ್ರು," ಎಂದು ಮೈಲಾರಲಿಂಗಪ್ಪನ ತಾಯಿ ಮರಿಯವ್ವ, ಅವನು ಕೇಳುವ ಮೊದಲೇ ನೀರಿನ ತಂಬಿಗೆ ತಂದಿಟ್ಟಳು.

"ಸೊರಟೂರ ಬೀರಲಿಂಗಪ್ಪ," ಎಂದು ಮೂಕಪ್ಪ ರಾಗ ಎತ್ತಿದ. "ಕುರಿ ಹೊಡಕೊಂಡು ಅಡರಕಟ್ಟಿಗೆ ಬಂದ. ಬೀರಲಿಂಗಪ್ಪನ ಮಗ..." ಅಷ್ಟಕ್ಕೆ ನಿಲ್ಲಿಸಿ ನೀರು ಕುಡಿದ. ಬಾಯಿ ಒರೆಸಿಕೊಂಡು, "ಹನಮಂತಪ್ಪ" ಎಂದ.

"ತಡಿ," ಎಂದ ಮೈಲಾರಲಿಂಗಪ್ಪ. "ಪ್ರತಿವರ್ಷಾ ನಮ್ಮ ಮುತ್ಯಾನ ಹೆಸರಿಗೇ ಯಾಕೋ ನಿನಗ ನೀರಡಿಕಿ?"

ಮೂಕಪ್ಪ ಮರಿಯವ್ವನ ಮುಖ ನೋಡಿದ.

"ಹೇಳಿಬಿಡು. ಮಷೀನಿಗೇ ಗೊತ್ತಾಗೇತಂತ," ಎಂದಳು ಅವಳು.

"ಪ್ಲೇಗಿನ್ಯಾಗ ಮಂದಿ ಹೊಲದಾಗ ಜೋಪಡಿ ಹಾಕ್ಕೊಂಡಿದ್ರಂತ್ರೀ ಯಜಮಾನ್ರ. ಒಂದು ಜೋಪಡ್ಯಾಗ ಕೂಸು ಒಂದ ಉಳದಿತ್ತು. ಬೀರಲಿಂಗಪ್ಪ ಕಂಬಳ್ಯಾಗ ಸುತ್ತಿ ತಂದ. ಯಾರ ಕೂಸು ಅಂತ ಹೇಳಾಕ ಯಾರೂ ಇರಲಿಲ್ಲ. ಸುಳ್ಳ ಓದಬ್ಯಾಡ, ಮನಿ ಮುರೀಬ್ಯಾಡ, ಅಲ್ಲಿಗೆ ಬಂದಾಗ ನೀರ ಕುಡಿ ಅಂತ ನಮ್ಮಪ್ಪ ಕಲಿಸಿದ್ದ."

"ನಿನಗ ಗೊತ್ತಿತ್ತೇನವ್ವಾ?"

"ನಮ್ಮತ್ತಿ ಹೇಳಿದ್ಲು. ನೀ ಒಂದಿನಾ ಕೇಳಿದೇನು? ಮನ್ಯಾಗ ಕೇಳೂದು ಬಿಟ್ಟು ನಳಿಕ್ಯಾಗ ಉಗುಳಾಕ ಹೋದಿ."

ಅನ್ನಪೂರ್ಣ ನಗು ತಡೆಯಲು ಸೆರಗು ಕಚ್ಚಿದಳು. ಅವಳಪ್ಪ ನಗಲಿಲ್ಲ. ತೊಟ್ಟಿಲಲ್ಲಿ ಮೊಮ್ಮಗ ತನ್ನ ಕಾಲ್ಬೆರಳು ಬಾಯಿಗೆ ಹಾಕಿಕೊಳ್ಳಲು ಒದ್ದಾಡುತ್ತಿದ್ದ.

"ಹಂಗಾದ್ರ ಇವನ್ನ ಯಾವ ಮನಿತನಕ್ಕ ಬರಸಲಿ?" ಎಂದ ಮೈಲಾರಲಿಂಗಪ್ಪ, ಯಾರನ್ನೂ ನೋಡದೆ.

ಮೂಕಪ್ಪ ಪೆನ್ನಿನ ಮುಚ್ಚಳ ತೆಗೆದು ಕಾದ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು.

"ಕುಬೇರಪ್ಪ ಕಾಕಾ," ಎಂದಳು ಅನ್ನಪೂರ್ಣ. "ಏನ ಹೇಳ್ಲಿ?"

ಅದು ಬಡಿದು ಬಡಿದು ನಿಲ್ಲುವ ತನಕ ಮೈಲಾರಲಿಂಗಪ್ಪ ತೊಟ್ಟಿಲನ್ನೇ ನೋಡುತ್ತಿದ್ದ. ಆಮೇಲೆ, "ನಾಳೆ ಊಟಕ್ಕ ಬಾ ಅನ್ನು. ಎದುರಿಗೇ ಹೇಳ್ತೀನಿ," ಎಂದ. ಮೂಕಪ್ಪನ ಕಡೆ ತಿರುಗಿದ. "ನೀ ಮೊದಲಿಂದ ಓದು. ಕಡೀಕ ಕೂಸನ್ನೂ ಸೇರಸು."

"ಸೊರಟೂರ ಬೀರಲಿಂಗಪ್ಪ," ಮೂಕಪ್ಪ ಮತ್ತೆ ಎತ್ತಿಕೊಂಡ. "ಬೀರಲಿಂಗಪ್ಪನ ಮಗ..."

ಕೈ ರೂಢಿಯಂತೆ ಪಕ್ಕಕ್ಕೆ ಹೋಯಿತು. ತಂಬಿಗೆ ಅಲ್ಲಿರಲಿಲ್ಲ. ಮೈಲಾರಲಿಂಗಪ್ಪ ಅದನ್ನು ಎತ್ತಿ, ಕಣ್ಣು ಮುಚ್ಚಿ, ಗಟಗಟನೆ ಕುಡಿಯುತ್ತಿದ್ದ. ಮೂಕಪ್ಪ ಒಂದು ಗಳಿಗೆ ನೋಡಿ, ಒಣ ಗಂಟಲಲ್ಲೇ ಮುಂದೆ ಓದಿದ.