ಹಲ್ಲಿನ ಡಾಕ್ಟರೂ ಹಸಿರು ಪಾಚಿಯೂ

ಹಲ್ಲಿನ ಡಾಕ್ಟರು ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕಣ್ಣನ್ನಲ್ಲ, ಬಾಯನ್ನು. ದಾರಿಯಲ್ಲಿ ಎದುರಾದವರು ನಕ್ಕರೆ, ಆ ನಗುವಿಗೆ ಮರುನಗು ನಗುವ ಮೊದಲೇ ಅವರ ದೃಷ್ಟಿ ಒಸಡಿನ ಅಂಚಿಗೆ ಹೋಗಿ ಅಲ್ಲಿ ಕಟ್ಟಿಕೊಂಡ ಹಳದಿ ಗಾರೆಯ ಮೇಲೆ ನೆಟ್ಟುಬಿಡುತ್ತಿತ್ತು. ಹೀಗಾಗಿ ಪರಿಚಿತರಲ್ಲಿ ಅನೇಕರು ಅವರೆದುರು ತುಟಿ ಬಿಗಿಹಿಡಿದೇ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ಕುರ್ಚಿಯ ಮೇಲೆ ಬಗ್ಗಿ ಬಗ್ಗಿ ಎಡಕ್ಕೆ ವಾಲಿಹೋದ ಕತ್ತು, ದೇಹಕ್ಕಿಂತ ಮೊದಲೇ ಮನೆ ತಲುಪುವ ಅವಸರದ ತಲೆ, ಮಾಸಿದ ಕಂದು ಕೋಟು, ಅದರ ಮೇಲುಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಒಂದು ಹಲ್ಲುಜ್ಜುವ ಬ್ರಷ್ಷು. ಅದು ರೋಗಿಗಳಿಗಲ್ಲ, ಹವಳಗಳಿಗೆ ಎಂಬುದು ಅವರ ಮನೆಗೆ ಹೋಗಿಬಂದವರಿಗಷ್ಟೇ ಗೊತ್ತಿತ್ತು.

ಹಜಾರದ ಒಂದು ಗೋಡೆಯುದ್ದಕ್ಕೂ ಉಪ್ಪುನೀರಿನ ಗಾಜಿನ ತೊಟ್ಟಿ. ಅದರೊಳಗೆ ಕಲ್ಲುಗಳ ಮೇಲೆ ಅರಳಿ ಮುಚ್ಚುವ ನೇರಳೆ, ಕೇಸರಿ ಹವಳಗಳು, ಅವುಗಳ ನಡುವೆ ಸುಳಿದಾಡುವ ಪಟ್ಟೆಪಟ್ಟೆಯ ಪುಟ್ಟ ಮೀನುಗಳು. ಮದುವೆಯ ಗೊಡವೆಗೆ ಹೋಗದ ಡಾಕ್ಟರು, ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗೇ ನಿಂತ ಅಕ್ಕ, ಈ ತೊಟ್ಟಿ: ಇಷ್ಟೇ ಸಂಸಾರ. ತಾಯಿಯಿಲ್ಲದ ತಮ್ಮನಿಗೆ ತುತ್ತಿಟ್ಟು ಬೆಳೆಸಿದವರು ಈ ಅಕ್ಕನೇ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೀನುಗಳಿಗೆ ಆಹಾರ ಹಾಕುವ ಕೆಲಸವನ್ನು ಯಾರೂ ಹೇಳದೆಯೇ ತಾವಾಗಿ ವಹಿಸಿಕೊಂಡಿದ್ದರು.

ಒಂದು ವರ್ಷ ಆ ತೊಟ್ಟಿಗೆ ಪಾಚಿ ಹತ್ತಿತು. ಮೊದಲು ಕಲ್ಲಿನ ಮೇಲೆ ತೆಳುವಾದ ಹಸಿರು ಮಬ್ಬು. ಬರುಬರುತ್ತಾ ಕೂದಲಿನಂತೆ ಉದ್ದವಾಗಿ ಬೆಳೆದು, ನೀರಿನ ಸೆಳೆತಕ್ಕೆ ತೊನೆಯುತ್ತ, ಹವಳಗಳ ಕತ್ತು ಹಿಸುಕತೊಡಗಿತು. ಡಾಕ್ಟರು ಟೊಂಕ ಕಟ್ಟಿ ನಿಂತರು. ಸಂಜೆ ಕ್ಲಿನಿಕ್ಕಿನಿಂದ ಬಂದವರೇ ತೋಳು ಮಡಚಿ, ಕಲ್ಲುಗಳನ್ನು ಒಂದೊಂದಾಗಿ ಉಪ್ಪುನೀರಿನ ಬಕೆಟ್ಟಿಗಿಳಿಸಿ ಉಜ್ಜುವರು. ಪಾಚಿ ಮೇಯಲೆಂದು ಬಸವನಹುಳುಗಳನ್ನು ತಂದು ಬಿಟ್ಟರು, ತೊಟ್ಟಿಯ ದೀಪ ಉರಿಸುವ ಹೊತ್ತನ್ನು ಇಳಿಸಿದರು, ಸೋಸುವ ಯಂತ್ರವನ್ನೇ ಬದಲಿಸಿದರು. ಹಲ್ಲು ಕೀಳುವಾಗ ರೋಗಿಗಳಿಗೆ ಹೇಳುವ "ಆಯ್ತು ಆಯ್ತು, ಇನ್ನೇನು ಮುಗೀತು" ಎಂಬ ಸುಳ್ಳನ್ನು ಕಲ್ಲುಗಳಿಗೂ ಹೇಳುವರು. ವಾರ ಕಳೆಯುವಷ್ಟರಲ್ಲಿ ಅದೇ ಹಸಿರು, ಅದೇ ಸೊಕ್ಕು.

ಹಲ್ಲನ್ನು ಬರಿದೇ ಉಜ್ಜಿದರೆ ಸಾಲದು, ಸಿಹಿ ತಿನ್ನುವುದನ್ನು ಬಿಡಬೇಕು ಎಂದು ಬಂದವರಿಗೆಲ್ಲ ಉಪದೇಶಿಸುತ್ತಿದ್ದ ಮನುಷ್ಯನಿಗೆ, ಪಾಚಿಯೂ ಮೀನು ತಿಂದುಳಿದು ಕೊಳೆತದ್ದನ್ನು ಉಂಡೇ ಕೊಬ್ಬುತ್ತದೆಂಬುದು ಗೊತ್ತಿರಲಿಲ್ಲವೆಂದಲ್ಲ. ಒಮ್ಮೆ ಅಕ್ಕನನ್ನು ಕೇಳಿಯೂ ಕೇಳಿದ್ದರು. ಬೆಳಗ್ಗೆ ಒಂದು ಚಿಟಿಕೆ, ಅಷ್ಟೇ, ಎಂದಿದ್ದ ಅಕ್ಕ, "ಲೆಕ್ಕ ನೀನು ನನಗೆ ಹೇಳ್ಕೊಡ್ತೀಯೇನೋ?" ಎಂದು ಗದರಿದ್ದರು. ಡಾಕ್ಟರು ನಕ್ಕು ಮತ್ತೆ ಬಕೆಟ್ಟಿನ ಕಡೆ ತಿರುಗಿದ್ದರು.

ಜ್ವರ ಬಂದು ಮನೆಯಲ್ಲೇ ಉಳಿದ ಒಂದು ದಿನ, ಒಳಕೋಣೆಯ ಮಂಚದಿಂದ, ತೆರೆದ ಬಾಗಿಲಿನಾಚೆ ಅವರಿಗೆ ಅಕ್ಕ ಕಂಡರು. ತೊಟ್ಟಿಯ ಮುಚ್ಚಳ ಸರಿಸಿ, ಡಬ್ಬಿಯಿಂದ ಚಿಟಿಕೆ ಆಹಾರ ಉದುರಿಸಿ, "ಪಾಪ, ಬೆಳಗಿಂದ ಏನೂ ತಿಂದಿಲ್ಲ ನೀವು" ಎಂದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಅದೇ ಡಬ್ಬಿಯಿಂದ ಅಷ್ಟೇ ಉದುರಿಸಿ, ಅದೇ ಮಾತು ಹೇಳಿದರು. ಮಧ್ಯಾಹ್ನದೊಳಗೆ ಇನ್ನೊಮ್ಮೆ. ದನಿಯಲ್ಲಿ ಪ್ರತಿಸಲವೂ ಮೊದಲ ಸಲದ ಮರುಕವೇ ಇತ್ತು. ಡಾಕ್ಟರು ಜ್ವರದ ಮೈಯಲ್ಲೇ ಎದ್ದುಬಂದು ಅಕ್ಕನ ಪಕ್ಕ ನಿಂತರು. "ನೋಡೋ, ನಿನ್ನ ಮೀನುಗಳು ಎಷ್ಟು ಹಸಿದಿವೆ" ಎಂದರು ಅಕ್ಕ. ತಮ್ಮ "ಹೂಂ" ಎಂದರು.

ಅಕ್ಕನನ್ನು ಪರೀಕ್ಷಿಸಿದ, ಮರೆವಿನ ರೋಗಕ್ಕೆ ಮದ್ದು ಕೊಡುವ ವೈದ್ಯರು, ಇದನ್ನು ನಿಧಾನಗೊಳಿಸಬಹುದೇ ಹೊರತು ನಿಲ್ಲಿಸಲಾಗದು ಎಂದರು. ಮನೆಗೆ ಮರಳಿದ ಹಲ್ಲಿನ ಡಾಕ್ಟರು ಮೊದಲು ಮಾಡಿದ್ದು ದಡ್ಡ ಕೆಲಸ: ಡಬ್ಬಿಯನ್ನು ಬಚ್ಚಿಟ್ಟರು. ಅಕ್ಕ ಮನೆಯ ಕಪಾಟುಗಳನ್ನೆಲ್ಲ ತಡಕಾಡಿ, ಸಿಗದೆ, ಬಡಿಸಿಟ್ಟ ತಟ್ಟೆಯ ಮುಂದೆ ಅತ್ತರು. "ಹಸಿದಿರೋವ್ರನ್ನ ಎದುರಿಗೆ ಇಟ್ಕೊಂಡು ನಾನು ಹೇಗೋ ಉಣ್ಣಲಿ?" ಎಂದರು. ಡಬ್ಬಿ ಹಿಂತಿರುಗಿತು. ಆದರೆ ಅಂದಿನಿಂದ ಅದರಲ್ಲಿರುತ್ತಿದ್ದುದು ಮೀನುಗಳಿಗೆ ಒಂದು ದಿನಕ್ಕೆ ಬೇಕಾದಷ್ಟೇ. ಖಾಲಿಯಾಯಿತೆಂದು ಅಕ್ಕ ಬಂದು ಹೇಳಿದಾಗ, ಹೇಳಿದಷ್ಟು ಸಲವೂ, "ನಾಳೆ ತರ್ತೀನಿ ಅಕ್ಕ" ಎನ್ನುವರು. ಹಿಂದೆ ಹೇಳಿದ್ದನ್ನು ಒಮ್ಮೆಯೂ ನೆನಪಿಸಿದವರಲ್ಲ.

ರಜೆಯ ದಿನ ತೊಟ್ಟಿಯ ಒಂದಿಷ್ಟು ನೀರು ಬದಲಿಸುವ ಕೆಲಸಕ್ಕೆ ಅಕ್ಕನನ್ನೂ ಕರೆದರು. ಇವರು ಉಪ್ಪು ಅಳೆದು ಸುರಿದರೆ, ಅವರು ಕೋಲಿನಿಂದ ಕದಡುತ್ತಾ ಬಾಯಲ್ಲಿ ಮಗ್ಗಿ ಹೇಳುವರು. ಅದೊಂದು ಮಾತ್ರ ಅವರಿಗೆ ಮರೆತಿರಲಿಲ್ಲ. ತಿಂಗಳುಗಳು ಉರುಳಿದಂತೆ ಪಾಚಿ ಸೊರಗಿತು, ಕಲ್ಲುಗಳ ಬಣ್ಣ ಮರಳಿತು, ಮುದುಡಿ ಕೂತಿದ್ದ ಹವಳ ಬಾಯಿ ತೆರೆಯಿತು. ಮೂಲೆಯ ಒಂದು ಕಲ್ಲಿನಲ್ಲಿ ಮಾತ್ರ ಹಸಿರು ಹಾಗೇ ಉಳಿಯಿತು. ಪುಟ್ಟ ಮೀನುಗಳು ಅಲ್ಲಿ ಅಡಗಿ ಆಡುತ್ತವೆಂದು ಅಕ್ಕ ಅದರ ಮುಂದೆಯೇ ಕುರ್ಚಿ ಹಾಕಿಕೊಳ್ಳುತ್ತಿದ್ದರು; ಡಾಕ್ಟರು ಆ ಕಲ್ಲನ್ನು ಮುಟ್ಟಲಿಲ್ಲ.

ಕೊಳೆಯನ್ನು ಸಹಿಸದವರನ್ನು ಲೋಕ ನಿಷ್ಠುರಿಗಳೆಂದು ಬಗೆಯುತ್ತದೆ. ಅವರು ಹಗಲಿರುಳು ಕೊಳೆ-ಕಲೆಗಳ ಹಿಂದೆ ಬೀಳುವುದು ಎಷ್ಟೋ ವೇಳೆ ಭಯದಿಂದ: ಕಲೆಯನ್ನಾದರೆ ಉಜ್ಜಬಹುದು, ಕಲೆ ಮಾಡಿದ ಕೈ ತಮ್ಮವರದೇ ಆಗಿದ್ದರೆ ಏನು ಮಾಡುವುದು? ಆದ್ದರಿಂದ ಆ ಕೈಯನ್ನು ನೋಡಲು ಅವರು ತಡಮಾಡುತ್ತಾರೆ. ಆದರೆ ಒಮ್ಮೆ ನೋಡಿದರೋ, ಅದನ್ನು ಹಿಡಿದುಕೊಳ್ಳುವುದರಲ್ಲಿ ಅವರಷ್ಟು ತಾಳ್ಮೆಯವರು ಸಿಗುವುದು ಕಷ್ಟ.