ಕೀಲಿ ತೆಗೆದ ಮೇಲೂ

ನನಗೆ ಎರಡು ಕೋಣೆ, ಒಂದೇ ಬೆನ್ನೆಲುಬು. ಒಂದು ಕೋಣೆಯಲ್ಲಿ ಬೆಂಕಿ, ಇನ್ನೊಂದರಲ್ಲಿ ಗಾಳಿ. ಎಂಜಿನ್ ಉಗುಳಿದ ಬಿಸಿ ಹೊಗೆ ಸೈಲೆನ್ಸರಿಗೆ ಹೋಗುವ ಮೊದಲು ಬೆಂಕಿಯ ಕೋಣೆಯ ಚಕ್ರವನ್ನು ತಿರುಗಿಸುತ್ತದೆ. ಬೆನ್ನೆಲುಬಿನ ಆಚೆ ತುದಿಯ ಚಕ್ರವೂ ಅದರೊಡನೆ ತಿರುಗಿ, ಹೊರಗಿನ ಗಾಳಿಯನ್ನು ಸೆಳೆದು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಹೇರಿದ ಲಾರಿ ಘಟ್ಟ ಹತ್ತುವುದು ಆ ಬಲದಿಂದ. ನಿಮಿಷಕ್ಕೆ ಲಕ್ಷ ಸುತ್ತು ಸುತ್ತಿದರೂ ಆ ಎರಡು ಚಕ್ರಗಳು ಒಂದರ ಮುಖವನ್ನೊಂದು ಕಂಡಿಲ್ಲ. ಜನ ನನ್ನನ್ನು ಟರ್ಬೊ ಎನ್ನುತ್ತಾರೆ.

ಪುಣೆಯ ಕಡೆಯ ಒಂದು ಕಾರ್ಖಾನೆಯಲ್ಲಿ ಕರಗಿದ ಲೋಹ ಅಚ್ಚಿಗಿಳಿದು ನನಗೆ ಆಕಾರ ಬಂತು. ಒಬ್ಬ ಹೆಣ್ಣುಮಗಳು ನನ್ನ ಚಕ್ರವನ್ನು ತಿರುಗಿಸಿ ನೋಡಿ, ಕೂದಲೆಳೆಯಷ್ಟು ಲೋಹ ಕೆರೆದು ತೂಕ ಸರಿಮಾಡಿದಳು. ಆಗ ಉಸಿರು ಬಂತು. ಮೊದಲ ಒಡೆಯ ನನ್ನನ್ನು ಅದಿರಿನ ಲಾರಿಗೆ ಕಟ್ಟಿ ಏಳು ವರ್ಷ ಸಂಡೂರಿನ ಕೆಂಪು ಧೂಳು ತಿನ್ನಿಸಿದ. ಆ ಲಾರಿ ಗುಜರಿ ಸೇರಿದಾಗ ಗದಗಿನ ಮೆಕ್ಯಾನಿಕ್ ಮೌನೇಶಪ್ಪ ಕಮ್ಮಾರರು ನನ್ನನ್ನು ಆರಿಸಿಕೊಂಡರು. ತೊಳೆದು, ಸವೆದ ಬೇರಿಂಗ್ ಬದಲಿಸಿ, ಮಗ ಕಾಳಿಂಗನ ಲಾರಿಗೆ ಜೋಡಿಸಿದರು.

ಮೌನೇಶಪ್ಪನವರದೊಂದು ನೇಮವಿತ್ತು. ದುರಸ್ತಿ ಮುಗಿದ ಗಾಡಿಯ ಕೆಳಗೆ ಬಿಳಿಯ ಹಾಳೆ ಹಾಸುವರು. ಮರುದಿನ ಅದರ ಮೇಲೆ ಒಂದು ಹನಿ ಎಣ್ಣೆ ಕಂಡರೂ ಗಾಡಿ ಬಿಡುತ್ತಿರಲಿಲ್ಲ. ಮಗನ ಲಾರಿಯೆಂದು ಆ ಸಲ ಇನ್ನೂ ಜಾಗ್ರತೆ ವಹಿಸಿದರು. ನನ್ನ ಬೆನ್ನೆಲುಬನ್ನು ನೆನೆಸಿದ ಎಣ್ಣೆ ಅಡಿಯಿಂದ ಇಳಿದುಹೋಗುವ ಕೊಳವೆಯ ಬಾಯಿಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಇದ್ದೇ ಇತ್ತು. ಆದರೂ ಅದರ ಮೇಲೆ ಸಂದು ಮುಚ್ಚುವ ಕೆಂಪು ಪೇಸ್ಟನ್ನು ಒಂದು ಸುತ್ತು ಹೆಚ್ಚಾಗಿಯೇ ಹಚ್ಚಿ ಬಿಗಿದರು. ಮರುದಿನ ಹಾಳೆ ಬೆಳ್ಳಗೆ ಇತ್ತು.

ಪಕ್ಕದ ಲೇತ್ ಅಂಗಡಿಯ ಹಜರತ್‌ಸಾಬ ಅದನ್ನು ಎತ್ತಿ ಹಿಡಿದು, “ಮೌನೇಶಣ್ಣಾ, ಇದರ ಮ್ಯಾಲ ಲಗ್ನಪತ್ರಿಕಿ ಬರೀಬಹುದಲ್ಲೊ” ಎಂದು ನಕ್ಕ. ಮೌನೇಶಪ್ಪನವರು ಆ ಹಾಳೆಯನ್ನು ಮಡಿಸಿ ಕಾಳಿಕಾದೇವಿಯ ಪಟದ ಹಿಂದೆ ಇಟ್ಟರು.

ಹನ್ನೊಂದನೆಯ ದಿನ ಅರಬೈಲ್ ಘಟ್ಟ ಇಳಿಯುತ್ತಿದ್ದೆವು. ಕಾಳಿಂಗ ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದ. ನನ್ನ ವೇಗ ಇಳಿಯಬೇಕಿತ್ತು, ಏರಿತು. ಸಿಳ್ಳೆ ಹಾಕುತ್ತಿದ್ದ ನಾನು ಕಿರುಚತೊಡಗಿದೆ. ಹಿಂದೆ ಹೊಗೆ ಗೋಡೆಯಂತೆ ಎದ್ದಿತು. ಅವನು ಕೀಲಿ ತಿರುಗಿಸಿದ, ಹೊರಕ್ಕೆ ಎಳೆದ. ಎಂಜಿನ್ ನಿಲ್ಲಲಿಲ್ಲ, ಬ್ರೇಕಿಗೂ ಬಗ್ಗಲಿಲ್ಲ. ಅವನು ಕೂಗಿದ ದನಿ ನಾನು ಸೆಳೆದ ಗಾಳಿಯೊಡನೆ ನನ್ನೊಳಗೆ ಬಂದು ಸುಟ್ಟುಹೋಯಿತು. ಏಕೆ ನಿಲ್ಲಲಿಲ್ಲವೆಂದು ನನಗೂ ತಿಳಿದಿರಲಿಲ್ಲ. ತನ್ನ ಹೊಟ್ಟೆಯೊಳಗಿನದು ಯಾರಿಗೆ ಕಾಣುತ್ತದೆ?

ಬಂಡೆಗೆ ಬಡಿದ ಲಾರಿಯಿಂದ ಅವನನ್ನು ಇಳಿಸಿದಾಗ ಕೀಲಿ ಮುಷ್ಟಿಯಲ್ಲಿತ್ತು. ಎಂಜಿನ್ ಆರಿದರೆ ಲಾರಿ ಕೈಗೆ ಸಿಗದೆಂದು ಗೊತ್ತಿದ್ದೂ ಇಳಿಜಾರಿನಲ್ಲಿ ಕೀಲಿ ಕಿತ್ತವನು ಸಾಯಲೆಂದೇ ಕಿತ್ತಿರಬೇಕು ಎಂದು ಊರು ಮಾತಾಡಿತು.

ತಿಂಗಳು ಕಳೆದ ಮೇಲೆ ಕಾಳಿಂಗನ ಹೆಂಡತಿ ನೀಲವ್ವ ಗ್ಯಾರೇಜಿಗೆ ಬಂದು ಆ ಕೀಲಿಯನ್ನು ಮಾವನ ಮುಂದಿಟ್ಟಳು.

“ಅವತ್ತ ಮುಂಜಾನೆ ಜಗಳಾಡಿದ್ವಿರಿ ಮಾವಾರ. ಹೋದಾಂವ ಹಂಗ ಹೋಗು, ತಿರುಗಿ ಬರಬ್ಯಾಡ ಅಂದಿದ್ನಿ. ನನ್ನ ಮಾತಿಗೇ ಹೋದರೇನ್ರಿ?”

ಮೌನೇಶಪ್ಪನವರು ಎದ್ದರು. ಒಡೆದ ಲಾರಿಯಿಂದ ಬಿಚ್ಚಿ ಮೂಲೆಯಲ್ಲಿಟ್ಟಿದ್ದ ನನ್ನನ್ನು ತಂದು ಹಲಗೆಯ ಮೇಲಿಟ್ಟು, ಪಟದ ಹಿಂದಿನ ಬಿಳಿಯ ಹಾಳೆಯನ್ನು ನನ್ನ ಕೆಳಗೆ ಹಾಸಿದರು.

ಹಜರತ್‌ಸಾಬ ಬಾಗಿಲಲ್ಲಿ ನಿಂತು, “ಬ್ಯಾಡಣ್ಣಾ. ಸತ್ತದ್ದರ ಹೊಟ್ಟಿ ಕೊಯ್ದು ಏನ್ ನೋಡ್ತಿ?” ಎಂದ.

“ಕೇಳಾಕತ್ತಾಳಲ್ಲಪಾ. ಹೇಳಬೇಕಲ್ಲ.”

ಗಾಳಿಯ ಕೋಣೆಯ ಮುಚ್ಚಳ ಬಿಚ್ಚಿದಾಗ ನನ್ನ ಚಕ್ರ ತಾನಾಗಿ ಅರ್ಧ ಸುತ್ತು ತಿರುಗಿತು. ಫ್ಯಾನ್ ಇರಲಿಲ್ಲ, ಗಾಳಿಯೂ ಇರಲಿಲ್ಲ. ನೀಲವ್ವ ಹಿಂದೆ ಸರಿದಳು. ಮೌನೇಶಪ್ಪನವರು ಕೈ ಮುಗಿದು, ಅದು ನಿಂತ ಮೇಲೆ ಮುಂದುವರಿದರು.

ಗಾಳಿ ಮಾತ್ರ ಇರಬೇಕಾದ ಕೋಣೆಯಲ್ಲಿ ಕಪ್ಪು ಎಣ್ಣೆ ನಿಂತಿತ್ತು. ಅದು ಹಾಳೆಯ ಮೇಲೆ ಇಳಿದು ಹರಡಿತು. ಬೆಂಕಿಯ ಕೋಣೆ ಬಿಚ್ಚಿದರು. ಕೊನೆಗೆ ನನ್ನ ನಡುವನ್ನು ತಿರುವಿ, ಎಣ್ಣೆ ಇಳಿದುಹೋಗುವ ತೂತಿಗೆ ಕಿರುಬೆರಳು ತೂರಿಸಿದರು. ಬೆರಳು ಹೋಗಲಿಲ್ಲ. ತಂತಿಯಿಂದ ಎಳೆದಾಗ ಮೆತ್ತಗಿನ ಕೆಂಪು ತುಂಡೊಂದು ಹೊರಬಂತು. ಬಿಗಿದಾಗ ಒಳಕ್ಕೆ ಒತ್ತಿಹೋಗಿದ್ದ ಪೇಸ್ಟು ಬಿಸಿ ಎಣ್ಣೆಯಲ್ಲಿ ನೆನೆದು, ಉಬ್ಬಿ, ದಾರಿ ಮುಚ್ಚಿತ್ತು.

ಅವರು ಅದಕ್ಕೆ ಅಂಟಿದ ಎಣ್ಣೆಯನ್ನು ಒರೆಸಿದರು. ತುಂಡನ್ನು ಒಲೆಗೆ ಎಸೆದಿದ್ದರೆ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಸೊಸೆಯ ಅಂಗೈಯಲ್ಲಿಟ್ಟರು.

“ಅಂವ ಸಾಯಾಕ ಕೀಲಿ ತಗದಿಲ್ಲ ಯವ್ವಾ. ನಿಲ್ಲಸಾಕ ತಗದಾನ. ಕೆಳಗ ಇಳಿಯೂ ದಾರಿ ಕಟ್ಟಿ ಎಣ್ಣಿ ಗಾಳಿ ಕಡೆ ನುಗ್ಗೇತಿ. ಎಂಜಿನ್ ಆ ಎಣ್ಣಿನ ಉಂಡು ಓಡೇತಿ. ಕೀಲಿ ತಗದ್ರ ಡೀಸೆಲ್ ನಿಲ್ಲತೈತಿ, ಎಣ್ಣಿ ನಿಲ್ಲೂದಿಲ್ಲ.”

“ದಾರಿ ಯಾಕ ಕಟ್ಟಿತ್ರಿ?”

“ನಾ ಹಚ್ಚಿದ್ದು. ಹನಿ ಸೋರಬಾರದಂತ.”

ಗಂಡ ಹೋದಾಗಿನಿಂದ ಅಳದಿದ್ದ ನೀಲವ್ವ ಆಗ ಅತ್ತಳು. ಮೌನೇಶಪ್ಪನವರಿಗೆ ಅಳು ಬರಲಿಲ್ಲ. ಸಂಜೆ ಅವರು ಲಾರಿ ಚಾಲಕರು ಕೂಡುವ ಚಹದಂಗಡಿಗೆ ಹೋಗಿ, ಕಲೆಯಾದ ಹಾಳೆಯನ್ನು ಬಿಡಿಸಿಟ್ಟು, ಅದೇ ಮಾತನ್ನು ಎಲ್ಲರ ಮುಂದೆ ಹೇಳಿ ಬಂದರು.

ಈಗ ನಾನು ದೇವಿಯ ಪಟದ ಕೆಳಗಿನ ಹಲಗೆಯ ಮೇಲಿದ್ದೇನೆ. ಮನುಷ್ಯನ ಪ್ರೀತಿ ಒಂದು ಸುತ್ತು ಹೆಚ್ಚಾದದ್ದನ್ನು ದೇವರು ತನ್ನ ಲೆಕ್ಕದಲ್ಲಿ ಯಾವ ಕಡೆಗೆ ಬರೆದುಕೊಳ್ಳುತ್ತಾನೋ, ಲೋಹಕ್ಕೆ ತಿಳಿಯದು. ದಿನಾ ಬೆಳಗ್ಗೆ ಮೌನೇಶಪ್ಪನವರು ನನ್ನ ತೂತಿಗೆ ಕಿರುಬೆರಳು ಹಾಕಿ, ಅದು ತೆರೆದಿರುವುದನ್ನು ನೋಡಿಕೊಂಡು ದೀಪ ಹಚ್ಚುತ್ತಾರೆ. ಕೆಲವು ದಿನ, ಗಾಳಿಯಿಲ್ಲದಿದ್ದರೂ, ನನ್ನ ಚಕ್ರ ಮೆಲ್ಲನೆ ತಿರುಗತೊಡಗುತ್ತದೆ. ಅವರು ಕಡ್ಡಿ ಗೀರದೆ ಕಾಯುತ್ತಾರೆ.

“ನಿಂದ್ರಪಾ, ಸಾಕು” ಎನ್ನುತ್ತಾರೆ.

ನಾನು ನಿಲ್ಲುತ್ತೇನೆ. ಘಟ್ಟದಲ್ಲಿ ಅವರ ಮಗನೂ ಹೇಳಿದ್ದು ಇದೇ ಮಾತು.