ಧಕ್ಕೆಯ ಮೇಲಿನ ಮರದ ಮೆಟ್ಟು

"'ಬದುಕಿ ಬಂದವನು ಲುಬ್ಬರ್ಟ್ ಒಬ್ಬನೇ.' ಸರಿಯಿದ್ಯಾ, ಗೇಸ್ಕೆ? ನಿಮ್ಮಪ್ಪನ ವಿಷಯ, ಒಂದಕ್ಷರ ತಪ್ಪಿದ್ರೂ ನೀನು ನನ್ನ ಬಿಡಲ್ಲ," ಎಂದು ಸಿಟ್ಸೆ ಮೇಷ್ಟ್ರು ನಕ್ಕರು. ಊರಿನ ಬಂದರಿನ ಚರಿತ್ರೆ ಬರೆದು ಮುಗಿಸಿದ್ದರು. ನಾಳೆ ಅಚ್ಚಿಗೆ ಹೋಗಬೇಕು.

ಎದುರಿನ ಬೆಂಚಿನಲ್ಲಿ ಕೂತಿದ್ದ ಗೇಸ್ಕೆ ತಲೆಯೆತ್ತಲಿಲ್ಲ. ಶಾಲೆಯ ನೆಲ ಒರೆಸುತ್ತಿದ್ದ ಹಿಲ್ಲೆ ಹತ್ತಿರ ಬಂದಳು. "ಕಾಲು ಎತ್ತೇ, ವೀರನ ಮಗಳೇ. ನಮ್ಮಂಥೋರು ಒರೆಸ್ಬೇಕಲ್ಲ."

ನಲವತ್ತೈದು ವರ್ಷದ ಹಿಂದೆ, ಮರಳದಿಬ್ಬಕ್ಕೆ ಸಿಕ್ಕಿಬಿದ್ದ ಹಡಗಿನವರನ್ನು ಉಳಿಸಲು ಹೋದ ದೋಣಿ ಮುಳುಗಿತ್ತು. ದೋಣಿ ಹತ್ತುವವರು ಮರದ ಮೆಟ್ಟು ಕಳಚಿ ದೋಣಿ ಕಟ್ಟುವ ಧಕ್ಕೆಯ ಮೇಲಿಟ್ಟು ಬೂಟು ಹಾಕಿಕೊಳ್ಳುವುದು ಊರಿನ ರೂಢಿ. ಯಾರ್‍ಯಾರು ಹೋದರೆಂದು ಹೆಂಗಸರು ಗುರುತು ಹಿಡಿಯುತ್ತಿದ್ದುದೂ ಆ ಮೆಟ್ಟುಗಳಿಂದಲೇ. ಅವತ್ತು ಲುಬ್ಬರ್ಟನ ಮೆಟ್ಟು ಅಲ್ಲಿತ್ತು. ಹಿಲ್ಲೆಯ ಅಣ್ಣ ಎವರ್ಟನದು ಇರಲಿಲ್ಲ, ಎವರ್ಟನೂ ಇರಲಿಲ್ಲ. ಕರೆ ಬಂದಾಗ ಹೆದರಿ ಊರು ಬಿಟ್ಟ ಎಂದರು ಜನ. ಹೇಡಿಯ ತಂಗಿಯನ್ನು ಯಾರೂ ಮದುವೆಯಾಗಲಿಲ್ಲ.

ಗೇಸ್ಕೆಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಅಪ್ಪನ ಹೆಸರು ಹೇಳಿ ಎಷ್ಟು ಮದುವೆ ಊಟಗಳಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದಳು!

"ಮೇಷ್ಟ್ರೇ, ನಮ್ಮಪ್ಪ ದೋಣಿ ಹತ್ತಲೇ ಇಲ್ಲ."

"ಏನಂದೆ?"

"ಮೆಟ್ಟು ಕಳಚಿದ್ನಂತೆ. ಅಲೆ ನೋಡಿ ಕೈಕಾಲು ಬಿದ್ದುಹೋಯ್ತಂತೆ. ಬರಿಗಾಲಲ್ಲೇ ಓಡಿ, ಮೀನಿಗೆ ಹೊಗೆ ಹಾಕೋ ಗುಡಿಸಲಲ್ಲಿ ಅವಿತುಕೊಂಡ. ಎವರ್ಟ್ ಮನೆಯಿಂದ್ಲೇ ಬೂಟು ಹಾಕ್ಕೊಂಡು ಬಂದು ಅಪ್ಪನ ಜಾಗಕ್ಕೆ ಹಾರಿದ. ಅಪ್ಪ ಅದನ್ನ ಗುಡಿಸಲಿಂದ್ಲೇ ನೋಡಿದ್ನಂತೆ. ಮಾರನೇ ದಿನ ಅಪ್ಪ ನೀರಲ್ಲಿ ಮುಳುಗೆದ್ದು, ಈಜಿ ಬಂದೆ ಅಂದ. ಅಲ್ಲ ಅನ್ನೋಕೆ ಒಬ್ಬರೂ ಉಳಿದಿರ್ಲಿಲ್ಲ."

ಹಿಲ್ಲೆಯ ಕೈ ನಿಂತಿತು. "ನಿಂಗ್ಯಾರು ಹೇಳಿದ್ರು?"

"ಅಪ್ಪನೇ. ಸಾಯೋ ಮುಂಚೆ."

"ಅವನು ಸತ್ತು ಇಪ್ಪತ್ತು ವರ್ಷ ಆಯ್ತಲ್ಲೇ."

"ಹೂಂ, ಹಿಲ್ಲೆಯಕ್ಕ."

"ನಮ್ಮಮ್ಮ ತೀರ್ಕೊಂಡಿದ್ದು ಹೋದ ಚಳಿಗಾಲ," ಎಂದಳು ಹಿಲ್ಲೆ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಗೇಸ್ಕೆ ಬದುಕಿಕೊಳ್ಳುತ್ತಿದ್ದಳು. ಕ್ಷಮಿಸು ಎನ್ನಲು ಬಾಯಿ ತೆರೆದಳು. ಆ ಮಾತು ಈಗ ಅವಳಿಗೇ ಅಸಹ್ಯವೆನಿಸಿತು.

ಮೇಷ್ಟ್ರು ಲುಬ್ಬರ್ಟನ ಸಾಲು ಹೊಡೆದುಹಾಕಿ, "ಎವರ್ಟನಿಗೆ ಆಗ ವಯಸ್ಸೆಷ್ಟು?" ಎಂದು ಹಿಲ್ಲೆಯನ್ನು ಮೆಲ್ಲಗೆ ಕೇಳಿದರು.

"ಹದಿನೆಂಟು. ತುಂಬಿರ್ಲಿಲ್ಲ ಇನ್ನೂ."

ಹಿಲ್ಲೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದು ಮೇಷ್ಟ್ರ ಹೆಗಲ ಹಿಂದೆ ನಿಂತಳು. ಪೆನ್ನು ಅಣ್ಣನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯುವುದನ್ನು ಕಣ್ಣು ಮಿಟುಕಿಸದೆ ನೋಡಿದಳು.